ಬಿಡಿಭಾಗ ಬದಲಿಸುವ ಮೊದಲು ಕೋಡ್ ಬರೆದುಕೊಡಿ

ಮಾನ್ಯ ಸಂಪಾದಕರೇ,

ಕಾರಿನಲ್ಲಿ ಇಂಜಿನಿನ ಹಳದಿ ದೀಪ ಉರಿದರೆ ನಮ್ಮ ಕಡೆಯ ಕೆಲವು ಗ್ಯಾರೇಜುಗಳಲ್ಲಿ ಎರಡೇ ಮದ್ದು. ಮೊದಲು ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ ದೀಪ ಆರಿಸುತ್ತಾರೆ, ಮತ್ತೆ ಉರಿದರೆ ದೊಡ್ಡದೊಂದು ಬಿಡಿಭಾಗ ಬದಲಿಸಲು ಹೇಳುತ್ತಾರೆ. ದುಡ್ಡು ಹೋಗುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ.

ನನ್ನದು ಬಿಎಸ್-4 (ಹೊಗೆ ಮಿತಿಯ ಹಿಂದಿನ ಮಾನದಂಡ) ಪೆಟ್ರೋಲ್ ಕಾರು. ಮನೆಯಿಂದ ಶಾಲೆಗೆ, ಅಲ್ಲಿಂದ ಬದಿಯಡ್ಕ ಪೇಟೆಗೆ, ಇಷ್ಟೇ ಓಡಾಟ. ಮಳೆಗಾಲ ಮುಗಿಯುವಾಗ ದೀಪ ಉರಿಯಿತು, ಮೈಲೇಜ್ ಇಳಿಯಿತು, ಹೊಗೆ ತಪಾಸಣೆಯಲ್ಲೂ ಫೇಲಾಯಿತು. ಗ್ಯಾರೇಜಿನಲ್ಲಿ ಪಿ0420 ಕೋಡ್ ಕಂಡದ್ದೇ ತಡ, ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸತು ಹಾಕಬೇಕು’ ಎಂದರು. ಹೊಗೆಯಲ್ಲಿನ ವಿಷಾನಿಲ ಕಡಿಮೆ ಮಾಡಲು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಬಳಸಿ ಮಾಡುವ ಭಾಗ ಅದು, ಬೆಲೆ ಹೇಳುವುದು ಬೇಡ. ಆದರೆ ಕನ್ವರ್ಟರಿನ ಕೆಲಸ ಕಡಿಮೆಯಾದಂತೆ ಕಾಣುತ್ತಿದೆ ಎಂಬುದಷ್ಟೇ ಆ ಕೋಡಿನ ಅರ್ಥ. ಕಾರಣವನ್ನು ಹುಡುಕಬೇಕಾದವರು ಮನುಷ್ಯರೇ.

ಕುಂಬಳೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲು ಕೇಳಿದ್ದು ಹೊಗೆ ತಪಾಸಣೆಯ ಚೀಟಿಯನ್ನು. ಕಾರ್ಬನ್ ಮೊನಾಕ್ಸೈಡ್ ಶೇ. 0.3ರ, ಹೈಡ್ರೋಕಾರ್ಬನ್ 200 ಪಿಪಿಎಂನ ಮಿತಿಯೊಳಗೇ ಇತ್ತು, ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸುವ ಲ್ಯಾಮ್ಡಾ ಮಾತ್ರ 1.03ರ ಮಿತಿ ದಾಟಿತ್ತು. ಎಲ್ಲಿಂದಲೋ ಹೊರಗಿನ ಗಾಳಿ ಸೇರುತ್ತಿದೆ ಎಂದು ಅವರಿಗೆ ಆಗಲೇ ಅನುಮಾನ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿಸಿದರು. ಅಡಿಯಿಂದ ‘ಟಸ್ ಟಸ್’ ಸದ್ದು, ಬಿಸಿಯೇರಿದಂತೆ ಅದು ಅಡಗಿತು. ಮರುದಿನ ಬೆಳಿಗ್ಗೆ, ಪೈಪ್ ಬಿಸಿಯಾಗುವ ಮೊದಲೇ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು, ಹೊಗೆ ಪೈಪುಗಳನ್ನು ಬೋಲ್ಟ್ ಹಾಕಿ ಕೂಡಿಸುವ ಫ್ಲೇಂಜ್ ಜಾಯಿಂಟಿಗೆ ಸೋಪಿನ ನೀರು ಸವರಿದರು. ಕರಿ ಹಿಡಿದಿದ್ದ ಒಂದು ಮೂಲೆಯಲ್ಲಿ ಗುಳ್ಳೆಗಳೆದ್ದವು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸಾರಿಗಿಂತ ಇಂಜಿನ್ ಕಡೆಗಿರುವ ಜಾಯಿಂಟ್ ಅದು. ಅಲ್ಲಿ ಗಾಳಿ ಒಳಗೆಳೆದರೆ ಸೆನ್ಸಾರ್ ಆಮ್ಲಜನಕ ಹೆಚ್ಚೆಂದು ಸುಳ್ಳು ಸುದ್ದಿ ಕೊಡುತ್ತದೆ, ಅದನ್ನು ನಂಬಿ ಇಂಜಿನಿನ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಮೈಲೇಜ್ ಇಳಿದದ್ದು, ಆ ಕೋಡ್ ಬಂದದ್ದು ಹೀಗೆ. ಜಾಯಿಂಟ್ ಸೋರದಂತೆ ನಡುವೆ ಕೂರಿಸುವ ಹೊಸ ಗ್ಯಾಸ್ಕೆಟ್, ತುಕ್ಕು ತಿಂದ ಬೋಲ್ಟುಗಳ ಬದಲಿಗೆ ಹೊಸ ಬೋಲ್ಟುಗಳು, ಕೆಲಸ ಮುಗಿಯಿತು. ಕನ್ವರ್ಟರ್ ಹಳೆಯದೇ ಇದೆ.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಉಪ್ಪುಗಾಳಿ, ತೇವ ಎರಡೂ ಇವೆ. ಸಣ್ಣ ಓಡಾಟದಲ್ಲಿ ಸೈಲೆನ್ಸರಿನೊಳಗಿನ ನೀರು ಆರುವುದೇ ಇಲ್ಲ, ತುಕ್ಕು ಬೇಗ ಹಿಡಿಯುತ್ತದೆ. ಹಾಗಾಗಿ ಸೋರಿಕೆಯನ್ನು ಮೊದಲು ನೋಡಬೇಕು. ಹಣಕ್ಕಿಂತ ನನಗೆ ಹೆಚ್ಚಿನ ಭಯ ಇನ್ನೊಂದಿದೆ. ಮಳೆಗೆ ಗಾಜು ಏರಿಸಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೇವೆ. ಸೋರುವ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೀಪ ಮಿಣುಕುತ್ತಿದ್ದರಂತೂ ಗಾಡಿಯನ್ನು ಬದಿಗೆ ನಿಲ್ಲಿಸಲೇಬೇಕು. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುವ ಲಕ್ಷಣ ಅದು.

ಮೋಟಾರು ವಾಹನ ಇಲಾಖೆ ಒಂದು ನಿಯಮ ತರಲಿ: ಕೋಡ್ ಯಾವುದು, ಸೋರಿಕೆ ನೋಡಿದ್ದಾರೆಯೇ, ಏಕೆ ಬದಲಿಸಿದರು ಎಂಬುದನ್ನು ಗ್ಯಾರೇಜುಗಳು ಬಿಲ್ಲಿನಲ್ಲೇ ಬರೆಯಬೇಕು, ತೆಗೆದ ಹಳೆಯ ಭಾಗವನ್ನು ಮಾಲೀಕರ ಕೈಗೆ ಕೊಡಬೇಕು. ಅಲ್ಲಿಯವರೆಗೆ ಓದುಗರು ತಾವಾಗಿಯೇ ಇದನ್ನು ಕೇಳಿ ಪಡೆಯಲಿ.

- ಓರ್ವ ಶಿಕ್ಷಕಿ, ಬದಿಯಡ್ಕ