ಬೌಲೆ ಮುಖವಾಡ ಕೊಳ್ಳುವ ಮುಂಚೆ

ಅಬಿಜಾನ್, ಐವರಿ ಕೋಸ್ಟ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಬೆಂಗಳೂರಿನ ಅಂಗಡಿಯಲ್ಲಿ ಕಂಡ ಮುಖವಾಡ ಯಾವುದು, ಕೊಳ್ಳಬಹುದೇ ಎಂದು ಕೇಳಿದ್ದಿರಿ, ನೇರ ಅದಕ್ಕೇ ಬರುತ್ತೇನೆ.

ನೀವು ನೋಡಿದ್ದು, ದುಂಡು ಮುಖ, ನೆತ್ತಿಯ ಮೇಲೆ ಬಾಗಿದ ಎರಡು ಕೊಂಬು, ಇಲ್ಲಿನ ಬೌಲೆ ಎಂಬ ಜನಾಂಗದವರ ಗೋಲಿ ಕುಣಿತದ ಮುಖವಾಡ. ಹೆಸರು ಕ್ಪ್ಲೆ ಕ್ಪ್ಲೆ. ಗೋಲಿ ಅವರ ಮೂಲ ಕುಣಿತವಲ್ಲ, ನೆರೆಯ ವಾನ್ ಜನರಿಂದ 20ನೇ ಶತಮಾನದ ಆರಂಭದಲ್ಲಿ ಬಂದದ್ದು. ಹಾಗಾಗಿ ಬೌಲೆ ಗೋಲಿಯ ಮೇಲೆ '1850' ಎಂಬ ಚೀಟಿ ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಇನ್ನೊಂದು ವಿಷಯ: ಗೋಲಿಯಲ್ಲಿ ನಾಲ್ಕು ಬಗೆ, ಒಂದೊಂದೂ ಜೋಡಿಯಾಗಿಯೇ ಬರುತ್ತದೆ. ಮೊದಲು ಕ್ಪ್ಲೆ ಕ್ಪ್ಲೆ, ಆಮೇಲೆ ಮೃಗದ ಮೂತಿಯ ಗೋಲಿ ಗ್ಲೆನ್, ಅದರ ಹಿಂದೆ ಟಗರಿನ ಕೊಂಬಿನ ಕ್ಪಾನ್ ಪ್ರೆ, ಕೊನೆಗೆ ಜಡೆ ಹೆಣೆದ ಹೆಣ್ಣುಮುಖದ ಕ್ಪಾನ್. ಒಂಟಿ ಮುಖವಾಡ ಎಂದರೆ ಜೋಡಿ ತಪ್ಪಿದ್ದು. ಕೊಳ್ಳಬಾರದೆಂದಲ್ಲ, ಬೆಲೆ ಮಾತಾಡುವಾಗ ನೆನಪಿರಲಿ.

ಮುಂಭಾಗದ ಫೋಟೊದಿಂದ ಏನೂ ತಿಳಿಯುವುದಿಲ್ಲ. ಹಿಂಬದಿ ತೋರಿಸಲು ಹೇಳಿ, ದೀಪ ಪಕ್ಕದಿಂದ ಬೀಳಲಿ. ಸಾಗರದ ಗುಡಿಗಾರರ ಕೆಲಸ ನೋಡುತ್ತಲೇ ಬಂದವರು ನೀವು, ಬಾಚಿಯ ಗುರುತು ಯಾವುದು, ಯಂತ್ರದ್ದು ಯಾವುದು ಎಂದು ನಾನು ಹೇಳಬೇಕಿಲ್ಲ. ಕುಣಿದ ಮುಖವಾಡವಾದರೆ ಹಣೆ, ಕೆನ್ನೆ, ಗಲ್ಲ ತಾಗುವ ಕಡೆಯಷ್ಟೇ ಬೆವರಿಗೆ ಕಪ್ಪಾಗಿ ನುಣುಪಾಗಿರುತ್ತದೆ, ಉಳಿದ ಕಡೆ ಒರಟೇ. ಹಿಂಬದಿಯೆಲ್ಲ ಒಂದೇ ಬಣ್ಣವಿದ್ದರೆ ಅದು ಷೂ ಪಾಲಿಶ್ ಅಥವಾ ಪೊಟ್ಯಾಸಿಯಂ ಪರ್ಮಾಂಗನೇಟಿನ ಕರಾಮತ್ತು. ತುಸು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಉಜ್ಜಿ ನೋಡಿ. ಪಾಲಿಶ್ ಆದರೆ ವಾಸನೆಯೇ ಹೇಳುತ್ತದೆ.

ಆಮೇಲೆ ಅಂಚಿನ ತೂತುಗಳು. ರಾಫಿಯಾ ಎಂಬ ತಾಳೆ ಜಾತಿಯ ಮರದ ನಾರಿನ ಉಡುಪು ಕಟ್ಟುವುದು ಅಲ್ಲಿಗೆ. ಕುಣಿಯುವಾಗ ನಾರು ಒಂದೇ ದಿಕ್ಕಿಗೆ ಜಗ್ಗುವುದರಿಂದ ತೂತು ಆ ಬದಿಗೆ ಮಾತ್ರ ಸವೆದು ಸೊಟ್ಟಗಾಗುತ್ತದೆ. ಕಾದ ಕಬ್ಬಿಣದಿಂದ ಕೊರೆದ ತೂತಿನ ಒಳಗೋಡೆ ಕರಿದಾಗಿರುತ್ತದೆ. ಡ್ರಿಲ್ ಹೊಡೆದದ್ದು ಕೊನೆಯವರೆಗೂ ಅಚ್ಚುಕಟ್ಟು ದುಂಡು. ಕುಟ್ಟೆ ಹಿಡಿದ ಗುರುತನ್ನು ಹಳತನದ ಸಾಕ್ಷಿ ಎಂದು ನಂಬಬೇಡಿ. ಮೇಲ್ಮೈಯಲ್ಲಿ ಕುಟ್ಟೆಯ ದಾರಿ ಅರ್ಧ ಸೀಳಿದ ಕಾಲುವೆಯಂತೆ ಕಂಡರೆ, ಕುಟ್ಟೆ ತಿಂದ ಮರವನ್ನೇ ತಂದು ಕೆತ್ತಿದ್ದಾರೆ ಎಂದರ್ಥ.

ಗೋಲಿ ಬಿಟ್ಟರೆ ಮ್ಬ್ಲೊ ಎಂಬ ಕುಣಿತದ ಮುಖವಾಡಗಳಿವೆ, ನನ್ನ ಕಣ್ಣಿಗೆ ಬೌಲೆ ಕೆತ್ತನೆಯಲ್ಲಿ ಇವೇ ಶ್ರೇಷ್ಠ. ಊರಿನಲ್ಲಿದ್ದ ಒಬ್ಬ ವ್ಯಕ್ತಿಯ ಮುಖವನ್ನೇ ಕೆತ್ತಿರುತ್ತಾರೆ; ಮುಖವಾಡ ಕುಣಿಯುವಾಗ ಆ ವ್ಯಕ್ತಿಯೋ ಅವರ ಸಂಬಂಧಿಕರೋ ಜೊತೆಗೆ ಕುಣಿಯುತ್ತಾರೆ. ಅರೆಮುಚ್ಚಿದ ರೆಪ್ಪೆ, ನೀಳ ಮೂಗು, ಹಣೆ ಕೆನ್ನೆಗಳ ಮೇಲೆ ಉಬ್ಬು ಗಾಯದ ಗುರುತಿನ ಸಾಲು, ಕೂದಲಿನ ಒಂದೊಂದು ಎಳೆಗೂ ಬೇರೆ ಗೀರು. ನಕಲಿನವರು ಸೋಲುವುದು ಈ ಕೂದಲಲ್ಲೇ: ಗೀರುಗಳು ಕಿವಿಯ ಹಿಂದೆ ಬರುವಷ್ಟರಲ್ಲಿ ಅಸಡ್ಡೆಯಾಗುತ್ತವೆ.

ಬೊನು ಅಮುಯಿನ್ ಎಂಬ ಮುಖವಾಡ ಮಾತ್ರ ಬೇಡ. ಅದು ಗಂಡಸರ ಗುಪ್ತ ಆಚರಣೆಯದ್ದು, ಹೆಂಗಸರು ನೋಡಲೇಬಾರದೆಂಬ ಕಟ್ಟು. ಬಲಿಯ ರಕ್ತ ಗಟ್ಟಿಯಾಗಿ ಕೂತ ಅಂಥ ವಸ್ತುವನ್ನು ನಿಮ್ಮ ಜಗಲಿಯ ಗೋಡೆಗೆ ತೂಗುಹಾಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. 2011ರ ಗಲಭೆಯಲ್ಲಿ ಅಬಿಜಾನಿನ ಮ್ಯೂಸಿಯಂ ಲೂಟಿಯಾಯಿತು ಎಂಬುದೂ ತಲೆಯಲ್ಲಿರಲಿ. ಹಳೆಯದು, ಚೆನ್ನಾಗಿದೆ, ಕಾಗದಪತ್ರ ಇಲ್ಲ ಎಂದರೆ ಕೈಹಾಕಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಹೊಸದನ್ನೇ ಹೊಸದೆಂದು ಹೇಳಿ ಮಾಡಿಸಿ. ಇಲ್ಲಿನ ಬುಆಕೆ ಊರಿನ ಸೀಮೆಯ ಕೆತ್ತನೆಗಾರರಿಂದ ನಾನೇ ಮಾಡಿಸಿ ಕಳಿಸಬಲ್ಲೆ, ಕ್ಪ್ಲೆ ಕ್ಪ್ಲೆ ಒಂದು ಕೆಂಪು, ಒಂದು ಕಪ್ಪು, ಜೋಡಿಯಾಗಿಯೇ. ಒಂದು ತೊಡಕಿದೆ: ಮರ ಪೂರ್ತಿ ಒಣಗದೆ ಕೆತ್ತಿದರೆ ಊರಿನ ಬೇಸಿಗೆಗೆ ಹಣೆಯಿಂದ ಗಲ್ಲದವರೆಗೆ ಬಿರುಕು ಬಿಡುತ್ತದೆ. ಆದ್ದರಿಂದ ಅವಸರ ಮಾಡಬೇಡಿ. ಚರ್ಮ, ಗರಿ ಅಂಟಿಸಿದ್ದು ಬೇಡ, ಕಸ್ಟಮ್ಸಿನಲ್ಲಿ ತಕರಾರು.

ಬಂದ ಕೂಡಲೇ ಗೋಡೆಗೆ ಹಾಕಬೇಡಿ. ಹತ್ತಿ ಬಟ್ಟೆ ಸುತ್ತಿ, ದಪ್ಪ ಪಾಲಿಥಿನ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು ಬಾಯಿಗೆ ಟೇಪ್ ಹಾಕಿ. ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಕುಟ್ಟೆ, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಪೂರ್ತಿ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ಮರದ ಮೇಲೇ ನೀರು ಕೂರುತ್ತದೆ. ಮಳೆಗಾಲದಲ್ಲಿ ಹೊರಗೋಡೆ ತೇವ ಎಳೆಯುತ್ತದೆ, ಒಳಗೋಡೆಯಲ್ಲಿ ಎರಡು ಬೆರಳು ಗಾಳಿ ಆಡುವಂತೆ ಹಾಕಿ. ಭಾರವನ್ನು ಅಂಚಿನ ತೂತಿಗೆ ಬಿಡದೆ, ಬಟ್ಟೆ ಸುತ್ತಿದ ಕೊಕ್ಕೆಯನ್ನು ಹಣೆಯ ಒಳಬದಿಗೆ ಕೊಡಿ. ಕೊಬ್ಬರಿ ಎಣ್ಣೆ ಸವರುವ ಆಸೆ ಬರುತ್ತದೆ, ಸವರಬೇಡಿ: ಧೂಳು ಹಿಡಿದು ಅಂಟಾಗಿ ಬೂಷ್ಟು ಬರುತ್ತದೆ. ಮೆತ್ತನೆ ಒಣ ಬ್ರಷ್ ಸಾಕು.

ಜಗಲಿಯ ಗೋಡೆಯ ಅಳತೆ ಬರೆದು ಕಳಿಸಿ. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಪುಟ್ಟ