ಡೈರೆಕ್ಟಿವ್ ಪಾಸಾದ ಮೇಲೂ ಸುದ್ದಿ ಇದೆ

ಸಂಪಾದಕರೇ,

ಯುರೋಪಿಯನ್ ಯೂನಿಯನ್ ಸುದ್ದಿ ಬಂದಾಗೆಲ್ಲಾ "ಯುರೋಪ್ ಹೊಸ ಕಾನೂನು ತಂತು" ಅಂತ ಒಂದೇ ಥರ ಹೆಡ್ಡಿಂಗ್ ಹಾಕ್ತೀರಿ, ಅದು ರೆಗ್ಯುಲೇಷನ್ನಾ, ಡೈರೆಕ್ಟಿವಾ, ಇಲ್ಲಾ ಪಾರ್ಲಿಮೆಂಟಿನ ಬರೀ ನಿರ್ಣಯಾನಾ ಅಂತ ಒಳಗೂ ಹೇಳಲ್ಲ. ನಿರ್ಣಯಕ್ಕೆ ಕಾನೂನಿನ ಬಲಾನೇ ಇರಲ್ಲ, ಶಿಫಾರಸಿಗೂ ಅಷ್ಟೆ. ಅದನ್ನೂ ಕಾನೂನು ಅಂದ್ಬಿಟ್ರೆ ಓದೋರು ಏನಂತ ತಿಳ್ಕೋಬೇಕು ಹೇಳಿ.

ಜನರ ಖಾಸಗಿ ಮಾಹಿತಿ ಕಾಪಾಡೋ ಜಿಡಿಪಿಆರ್ ತಗೊಳ್ಳಿ. ಅದು ರೆಗ್ಯುಲೇಷನ್, 2016ರಲ್ಲಿ ಪಾಸಾಗಿ 2018ರ ಮೇ 25ರಿಂದ ಎಲ್ಲಾ ಸದಸ್ಯ ದೇಶಗಳಿಗೂ ನೇರವಾಗಿ ಅನ್ವಯ ಆಯ್ತು, ಅದಕ್ಕೂ ಮುಂಚೆ ಇದೇ ವಿಷಯಕ್ಕಿದ್ದ 1995ರ ಡೈರೆಕ್ಟಿವನ್ನ ಒಂದೊಂದು ದೇಶ ಒಂದೊಂದು ಥರ ತನ್ನ ಕಾಯ್ದೆಗೆ ಸೇರಿಸ್ಕೊಂಡಿತ್ತು, ಯಾಕಂದ್ರೆ ಡೈರೆಕ್ಟಿವಲ್ಲಿ ಗುರಿ ಮಾತ್ರ ಕಡ್ಡಾಯ, ಹೆಂಗೆ ಮುಟ್ಟೋದು ಅನ್ನೋದು ಆಯಾ ದೇಶಕ್ಕೆ ಬಿಟ್ಟಿದ್ದು. ಡಿಸಿಷನ್ ಅಂತ ಇನ್ನೊಂದಿದೆ, ಅದನ್ನ ಯಾರ ಹೆಸರಿಗೆ ಹೊರಡಿಸಿದಾರೋ ಅವರಿಗಷ್ಟೇ ಕಡ್ಡಾಯ.

ಡೈರೆಕ್ಟಿವ್ ವಿಷಯದಲ್ಲಿ, ಯೂನಿಯನ್ನಿನ ಕೇಂದ್ರ ಆಗಿರೋ ಬ್ರಸೆಲ್ಸಲ್ಲಿ ಪಾಸಾದ ದಿನಕ್ಕೇ ಸುದ್ದಿ ಮುಗಿಸ್ಬಿಡೋದೇ ನನಗೆ ತುಂಬಾ ಬೇಜಾರು. ಕಂಪನಿ ಮುಳುಗಿದ್ರೆ ಕೆಲಸಗಾರರ ಬಾಕಿ ಸಂಬಳಕ್ಕೆ ಗ್ಯಾರಂಟಿ ಇರಬೇಕು ಅಂತ 1980ರಲ್ಲಿ ಒಂದು ಡೈರೆಕ್ಟಿವ್ ಬಂತು, ಅದನ್ನ ದೇಶಗಳು ತಮ್ಮ ಕಾಯ್ದೆಗೆ ಸೇರಿಸ್ಕೊಳ್ಳೋಕೆ ಗಡುವು 1983ರ ಅಕ್ಟೋಬರ್, ಇಟಲಿ ಮಾಡಲೇ ಇಲ್ಲ. ವಿಚೆಂಜಾ ಊರಲ್ಲಿ ಒಬ್ಬ ಕೆಲಸಗಾರನಿಗೆ ಕಂಪನಿಯಿಂದ ಸುಮಾರು 60 ಲಕ್ಷ ಲೀರಾ ಬರಬೇಕಿತ್ತು, ಕೋರ್ಟ್ ಆರ್ಡರ್ ಇದ್ರೂ ಕೈಗೆ ಬರಲಿಲ್ಲ, ಅವನು ಸರ್ಕಾರದ ಮೇಲೇ ಕೇಸ್ ಹಾಕ್ದ. ಅದೇ ಫ್ರಾಂಕೋವಿಚ್ ಕೇಸು. 1991ರಲ್ಲಿ ಲಕ್ಸೆಂಬರ್ಗಲ್ಲಿರೋ ಯೂನಿಯನ್ನಿನ ಕೋರ್ಟು, ಡೈರೆಕ್ಟಿವ್ ಜಾರಿ ಮಾಡದೆ ಜನರಿಗೆ ನಷ್ಟ ಆದ್ರೆ ಷರತ್ತುಗಳಿಗೆ ಒಳಪಟ್ಟು ದೇಶವೇ ಪರಿಹಾರ ಕೊಡಬೇಕು ಅಂತು. ಎಷ್ಟು ದೊಡ್ಡ ಮಾತು ನೋಡಿ, ಆದ್ರೆ ಅವನ ಕಂಪನಿಯ ಪರಿಸ್ಥಿತಿ ಆ ಡೈರೆಕ್ಟಿವ್ ವ್ಯಾಪ್ತಿಗೇ ಬರಲ್ಲ ಅಂತ 1995ರಲ್ಲಿ ಅದೇ ಕೋರ್ಟು ಹೇಳ್ತು, ಪಾಪ ಅವನಿಗೇ ಆ ಹಕ್ಕು ದಕ್ಕಲಿಲ್ಲ.

ಇನ್ನು ಬ್ರಸೆಲ್ಸ್ ಮನಸ್ಸಿಗೆ ಬಂದಂಗೆಲ್ಲಾ ಕಾನೂನು ಮಾಡತ್ತೆ ಅನ್ನೋ ಧಾಟಿನೂ ಸರಿಯಲ್ಲ. 1957ರ ರೋಮ್ ಒಪ್ಪಂದದಿಂದ ಶುರುವಾಗಿ ಮಾಸ್ಟ್ರಿಕ್ಟ್, 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ತನಕ ಸದಸ್ಯ ದೇಶಗಳು ಒಪ್ಪಂದದಲ್ಲಿ ಎಷ್ಟು ಅಧಿಕಾರ ಬರೆದುಕೊಟ್ಟಿದಾವೋ ಅಷ್ಟೇ ಅದಕ್ಕಿರೋದು. ತಂಬಾಕು ಜಾಹೀರಾತು ನಿಷೇಧಿಸೋ ಡೈರೆಕ್ಟಿವನ್ನ, ಉದ್ದೇಶ ಒಳ್ಳೇದೇ ಆಗಿದ್ರೂ, ಒಪ್ಪಂದದಲ್ಲಿ ಅದಕ್ಕೆ ಸರಿಯಾದ ಆಧಾರ ಇಲ್ಲ ಅಂತ 2000ದಲ್ಲಿ ಅದೇ ಕೋರ್ಟು ರದ್ದು ಮಾಡ್ತು. ಆಮೇಲೆ 2003ರಲ್ಲಿ ವ್ಯಾಪ್ತಿ ಕಡಿಮೆ ಮಾಡಿ ಹೊಸದು ತರಬೇಕಾಯ್ತು.

ದಯವಿಟ್ಟು ಮುಂದೆ ಇಂಥ ಸುದ್ದಿ ಬಂದಾಗ ಅದು ಯಾವ ಬಗೆಯದು ಅಂತ ಮೊದಲನೇ ಪ್ಯಾರಾದಲ್ಲೇ ಹೇಳಿ. ಡೈರೆಕ್ಟಿವ್ ಆಗಿದ್ರೆ ಗಡುವು ಯಾವಾಗ ಅಂತ ಹಾಕಿ, ಆ ಗಡುವು ಮುಗಿದಾಗ 27 ದೇಶಗಳಲ್ಲಿ ಯಾರ್ಯಾರು ಮಾಡಿದಾರೆ ಯಾರು ಮಾಡಿಲ್ಲ ಅಂತ ಇನ್ನೊಂದು ಸುದ್ದಿನೂ ಮಾಡಿ.

ಒಬ್ಬ ಓದುಗ