ನೀವು ಖಾಲಿ ಎಂದು ತೆಗೆದ 16 ಪುಟಗಳ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗ,
ಆನ್‌ಲೈನ್ ಪುಸ್ತಕ ಮುದ್ರಣ ಸೇವೆ

ವಿಷಯ: 200 ಪ್ರತಿಗಳ ಆರ್ಡರ್‌ನಲ್ಲಿ ಪುಟ, ಕಾಗದ, ಅಕ್ಷರ ಮೂರನ್ನೂ ನನ್ನನ್ನು ಕೇಳದೆ ಬದಲಾಯಿಸಿರುವುದು, ಮರುಮುದ್ರಣ ಕೋರಿ.

ಮಾನ್ಯರೇ,

ಹೋದ ತಿಂಗಳು ನಿಮ್ಮಲ್ಲಿ ಒಂದು ಪುಸ್ತಕ ಪ್ರಿಂಟ್ ಹಾಕಿಸಲು ಕೊಟ್ಟೆ. 200 ಪ್ರತಿ, ಎ5 ಅಳತೆ, ಒಳಗೆ 48 ಪುಟ, 100 ಜಿಎಸ್‌ಎಂ ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದ, ಸೆಂಟರ್ ಪಿನ್ ಬೈಂಡಿಂಗ್. ಪ್ರತಿಗೆ 85 ರೂಪಾಯಿಯಂತೆ 17,000 ರೂಪಾಯಿಯನ್ನು ಮೊದಲೇ ಕಟ್ಟಿದ್ದೇನೆ. ಸೋಮವಾರ ಮಧ್ಯಾಹ್ನ ಬೀದರ್‌ಗೆ ನಾಲ್ಕು ಡಬ್ಬ ಬಂದವು. ಒಂದು ಪ್ರತಿ ಕೈಗೆತ್ತಿಕೊಂಡ ಕೂಡಲೇ ತೆಳ್ಳಗಿದೆ ಅನ್ನಿಸಿತು. ಎಣಿಸಿದೆ. 32 ಪುಟ ಇತ್ತು.

ಆಗಲೇ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದವರು ಮರ್ಯಾದೆಯಿಂದಲೇ ಹೇಳಿದರು: "ಮೇಡಂ, ನಿಮ್ಮ ಫೈಲ್‌ನಲ್ಲಿ 16 ಪುಟ ಖಾಲಿ ಇದ್ವು. ತಪ್ಪಿ ಸೇರಿರಬೇಕು ಅಂತ ನಮ್ಮ ಆಪರೇಟರ್ ತೆಗೆದಿದ್ದಾರೆ. ಅದರ ಬದಲು ನಿಮಗೆ ಆರ್ಟ್ ಪೇಪರ್ ಹಾಕಿ ಕೊಟ್ಟಿದೀವಿ."

ಅವು ತಪ್ಪಿ ಸೇರಿದ ಪುಟಗಳಲ್ಲ. ಆಡುವವರು ಬರೆಯಲಿ ಅಂತಲೇ ಬಿಟ್ಟ ಪುಟಗಳು.

ನಾನು ಮಾಡಿದ್ದು ಓದಿ ಮುಚ್ಚಿಡುವ ಪುಸ್ತಕವಲ್ಲ, ಒಬ್ಬರೇ ಕೂತು ಆಡುವ ಆಟ. ಪಾತ್ರ ಹಾಕಿಕೊಂಡು ಆಡುವ ಆಟಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಅವರಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ನನ್ನ ಆಟದಲ್ಲಿ ನಡೆಸುವವರು ಇಲ್ಲ. ಇಸ್ಪೀಟಿನ ಕಟ್ಟಿನಿಂದ ಒಂದು ಎಲೆ ಎತ್ತಬೇಕು. ಪುಸ್ತಕದಲ್ಲಿ ಆ ಎಲೆಯ ಹೆಸರಿನ ಮುಂದೆ ಬರೆದಿರುವ ಪ್ರಶ್ನೆ ಓದಬೇಕು. ಪಾತ್ರದ ಬಾಯಲ್ಲಿ ಉತ್ತರವನ್ನು ದಿನಚರಿಯ ಹಾಗೆ ಬರೆಯಬೇಕು. ನಾನು ಬರೆದದ್ದು ಬರೀ ಪ್ರಶ್ನೆಗಳನ್ನು. ಕಥೆ ಹುಟ್ಟುವುದು ಖಾಲಿ ಪುಟದಲ್ಲಿ.

ಆಟ ನಮ್ಮೂರಿನ ಸುರಂಗ ಬಾವಿಯದು. ನೌಬಾದ್ ಕಡೆ ಇರುವ ಈ ಕರೇಜ್ 15ನೇ ಶತಮಾನದ್ದು, ಬಹಮನಿಗಳ ಕಾಲದ್ದು. ನೆಲದ ಕೆಳಗೆ ಉದ್ದಕ್ಕೂ ಸುರಂಗ, ಅದಕ್ಕೆ ಕಂಡೂ ಕಾಣದಷ್ಟು ಇಳಿಜಾರು. ರಾಟೆ ಬೇಡ, ಎತ್ತು ಬೇಡ, ನೀರು ತಾನಾಗಿ ಹರಿದು ಬರಲಿ ಅಂತ ಕಟ್ಟಿದ್ದು. ನಡುನಡುವೆ ಮೇಲಿನಿಂದ ಬಾವಿಯ ಹಾಗೆ ತೋಡಿದ ಗಾಳಿಕಿಂಡಿಗಳಿವೆ. ಗಾಳಿ, ಬೆಳಕು ಒಳಗೆ ಬರುವುದು, ಹೂಳು ಹೊರಗೆ ಹೋಗುವುದು ಅಲ್ಲಿಂದಲೇ. ಆಟದಲ್ಲಿ ನೀವು ಹೂಳೆತ್ತಲು ಇಳಿದ ಒಬ್ಬ ಆಳು. ನೀರು ಹುಟ್ಟುವ ತಾಯಿಬಾವಿಯಿಂದ ಹೊರಟು, ಕತ್ತಲಲ್ಲಿ ನಡೆದು, ಕಿಂಡಿಯ ಕೆಳಗೆ ಬೆಳಕು ಕಂಡಾಗ ನಿಂತು ಬರೆಯುತ್ತೀರಿ.

ಒಂದು ಖಾಲಿ ಪುಟ ಒಂದು ಕಿಂಡಿ. ಪ್ರತಿ ಪುಟದ ಮೇಲ್ಗಡೆ ತೆಳು ಗೆರೆಯ ಒಂದು ದುಂಡು ಇತ್ತು. ಅದು ಕೆಳಗೆ ನಿಂತವನಿಗೆ ಕಾಣುವ ಆಕಾಶ. ಮೊದಲ ಕಿಂಡಿ ಬಹಳ ಆಳ, ಅಲ್ಲಿ ದುಂಡು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ನೀರು ಹೊರಬೀಳುವ ಕಡೆಗೆ ಹೋದಂತೆ ಕಿಂಡಿಗಳ ಆಳ ಕಡಿಮೆಯಾಗುತ್ತದೆ, ದುಂಡು ದೊಡ್ಡದಾಗುತ್ತದೆ. ಕೊನೆಯ ಪುಟದಲ್ಲಿ ಅದು ಚಹಾದ ಬಸಿಯಷ್ಟಿತ್ತು. ಇವನ್ನು ಒಂದೊಂದಾಗಿ ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ ಹಾಕಿದ್ದೆ. ನಿಮ್ಮ ಆಪರೇಟರ್ 16 ಪುಟದಲ್ಲಿ 16 ದುಂಡು ನೋಡಿದ್ದಾರೆ. ಒಂದು ಫೋನ್ ಮಾಡಿ ಕೇಳಬಹುದಿತ್ತು, ಅಲ್ವಾ?

16 ಅನ್ನುವುದೂ ಕಣ್ಣಂದಾಜಲ್ಲ. ಕಟ್ಟಿನಲ್ಲಿ 52 ಎಲೆ, ಅದರಲ್ಲಿ ನಾಲ್ಕು ರಾಜ. ಎರಡನೇ ರಾಜ ಬಂದಾಗ ಆಟ ಮುಗಿಯುತ್ತದೆ. ಸರಾಸರಿ ಲೆಕ್ಕ ಹಾಕಿದರೆ ಅದು 21ನೇ ಎಲೆಯ ಹೊತ್ತಿಗೆ. ಪುಟಕ್ಕೆ ಎರಡು ಎಲೆಯ ಬರಹ ಹಿಡಿದರೆ 11 ಪುಟ ಬೇಕು. ಕೆಲವರಿಗೆ ರಾಜ ತಡವಾಗಿ ಬರುತ್ತಾನೆ, ಇರಲಿ ಅಂತ ಐದು ಪುಟ ಸೇರಿಸಿದೆ. ಆರು ತಿಂಗಳು ಅವರಿವರ ಕೈಲಿ ಆಡಿಸಿ ನೋಡಿ ಈ ಲೆಕ್ಕಕ್ಕೆ ಬಂದಿದ್ದು. ಪುಟ ಕಿತ್ತಿದ್ದರಿಂದ ಇನ್ನೊಂದು ಎಡವಟ್ಟೂ ಆಗಿದೆ. "ಪುಟ 41 ನೋಡಿ" ಅಂತ ಆಟ ಹೇಳುತ್ತದೆ. ಪುಸ್ತಕ 32ಕ್ಕೇ ಮುಗಿದುಹೋಗುತ್ತದೆ.

ಇನ್ನು ಅಕ್ಷರಗಳ ವಿಷಯ. ನಾನು ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕಳಿಸಿದ್ದೆ. ಅದನ್ನು ಇದ್ದಹಾಗೇ ಪ್ರಿಂಟಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಪುಟ ತೆಗೆಯಲು ಫೈಲನ್ನು ಕೋರಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ತೆರೆದೆವು ಅಂತ ನಿಮ್ಮವರೇ ಹೇಳಿದರು. ಆ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ, ಬೇರೆ ಫಾಂಟ್ ಕೂತಿದೆ. ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿವೆ. "ಎಕ್ಕ" ಅನ್ನುವುದು "ಎಕ್‌ಕ" ಆಗಿದೆ, "ಬತ್ತಿ" ಹೋಗಿ "ಬತ್‌ತಿ" ಆಗಿದೆ. ಕನ್ನಡದ ಪುಸ್ತಕ ಹೀಗೆ ಅಚ್ಚಾಗಿ ಬಂದರೆ ಓದುವವರಿಗೆ ಹೇಗನ್ನಿಸುತ್ತದೆ, ಯೋಚಿಸಿ.

ಹೊಸ ಅಕ್ಷರ ಜಾಗ ಜಾಸ್ತಿ ತಿಂದಿದೆ. ಇಸ್ಪೀಟು, ಆಟೀನು, ಡೈಮನ್, ಕಳಾವರ್, ಒಂದೊಂದಕ್ಕೆ ಒಂದು ಪುಟ, ಪುಟಕ್ಕೆ 13 ಸಾಲು. ಮೇಲೆ ಎಕ್ಕ, ಕೊನೆಗೆ ರಾಜ. ಆಟೀನು ಮತ್ತು ಕಳಾವರ್ ಪುಟಗಳಲ್ಲಿ ಕೊನೆಯ ಸಾಲು ಕೆಳಗೆ ಜಾರಿ ಕಟಿಂಗ್‌ನಲ್ಲಿ ಹೋಗಿಬಿಟ್ಟಿದೆ. ಅಂದರೆ ಇಬ್ಬರು ರಾಜರೇ ಇಲ್ಲ. ಆಟ ಮುಗಿಸಬೇಕಾದವರೇ ಅವರು.

ಅದೇ ಸಂಜೆ ಪಕ್ಕದ ಮನೆಯ ಪಿಯುಸಿ ಹುಡುಗ ಆಸೆಯಿಂದ ಬಂದ. ಮೊದಲಿನ ಝೆರಾಕ್ಸ್ ಪ್ರತಿಯಲ್ಲಿ ಮೂರು ಸಲ ಆಡಿದವನು ಅವನು. ಹೊಸ ಪುಸ್ತಕ ಕೊಟ್ಟೆ. ಬರೆಯಲು ಪುಟವೇ ಇರಲಿಲ್ಲ, ಪ್ರಶ್ನೆಗಳ ಪಕ್ಕದ ಅಂಚಿನಲ್ಲೇ ಜೆಲ್ ಪೆನ್ನಿನಲ್ಲಿ ಸಣ್ಣಗೆ ಬರೆಯುತ್ತಾ ಹೋದ. ಆರ್ಟ್ ಪೇಪರ್ ಅಂದರೆ ಮೇಲೆ ನುಣುಪು ಲೇಪ ಇರುವ ಕಾಗದ, ಶಾಯಿ ಹೀರುವುದಿಲ್ಲ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೊದಲ ಸಾಲು ಅಳಿಸಿ, ಅವನ ಅಂಗೈಯ ಅಂಚು ಪೂರಾ ನೀಲಿ. ಆಮೇಲೆ ಒಂದು ಎಲೆ ಎತ್ತಿ, ಪುಟ ಹಿಂದೆ ಮುಂದೆ ತಿರುವಿ ಕೇಳಿದ: "ಅಕ್ಕಾ, ಕಳಾವರ್ ರಾಜ ಬಂದಾನ. ಏನ್ ಬರೀಲಿ? ಇಲ್ಲಿ ಏನೂ ಇಲ್ಲಲ್ಲ."

ಆ ಸಾಲಿನಲ್ಲಿ ಇದ್ದದ್ದು ಇಷ್ಟು: "ಮೇಲಿನಿಂದ ಯಾರೋ ನಿನ್ನ ಹೆಸರು ಹಿಡಿದು ಕೂಗಿದರು. ಓಗೊಟ್ಟೆಯಾ?" ಅವನಿಗೆ ಬಾಯಲ್ಲೇ ಹೇಳಿದೆ. ಉಳಿದ 199 ಪ್ರತಿ ಕೊಳ್ಳುವವರ ಮನೆಗೆ ಹೋಗಿ ಹೇಳಲು ಆಗುವುದಿಲ್ಲ.

ಆರ್ಟ್ ಪೇಪರ್ ದುಬಾರಿ, ನೀವು ಒಳ್ಳೆಯದೇ ಮಾಡಿದಿರಿ ಅಂದುಕೊಂಡಿರಬಹುದು. ಫೋಟೊ ಪುಸ್ತಕಕ್ಕೆ ಅದು ಚೆನ್ನ. ಪೆನ್ನು ಹಿಡಿಯುವ ಪುಸ್ತಕಕ್ಕೆ ಮ್ಯಾಪ್‌ಲಿಥೋನೇ ಆಗಬೇಕು. ಈ ಆಟವನ್ನು ಪಿಡಿಎಫ್ ಆಗಿ ಆನ್‌ಲೈನ್‌ನಲ್ಲಿ ಮಾರಿದ್ದರೆ ನನಗೆ ಪ್ರಿಂಟಿನ ಖರ್ಚೇ ಇರುತ್ತಿರಲಿಲ್ಲ. ಆದರೂ ಅಚ್ಚು ಹಾಕಿಸಿದ್ದು ಆಡಿ ಮುಗಿಸಿದ ಮೇಲೆ ಅವರದೇ ಕೈಬರಹದ ಒಂದು ಪುಸ್ತಕ ಮನೆಯಲ್ಲಿ ಉಳಿಯಲಿ ಅಂತ. 41 ಜನ 150 ರೂಪಾಯಿಯಂತೆ ಮುಂಗಡ ಕೊಟ್ಟಿದ್ದಾರೆ. ಎಲ್ಲರಿಗೂ ಫೋನ್ ಮಾಡಿ ತಡವಾಗುತ್ತದೆ ಅಂತ ತಿಳಿಸಿದ್ದೇನೆ.

ನಾನು ಒಪ್ಪಿಗೆ ಕೊಟ್ಟ ಪ್ರೂಫ್‌ನಲ್ಲಿ 48 ಪುಟ ಇವೆ, ನಾಲ್ಕು ರಾಜರೂ ಇದ್ದಾರೆ. ಅದರ ಪ್ರತಿ, ಬಿಲ್ಲು, ಬಂದ ಪುಸ್ತಕದ ಫೋಟೊ ಇದರ ಜೊತೆ ಇಟ್ಟಿದ್ದೇನೆ. ಸೋಮವಾರ ಕೊಟ್ಟ ದೂರನ್ನು ನೀವು ಬುಧವಾರ "ಫೈಲ್ ಸರಿಪಡಿಸಲಾಗಿದೆ" ಅಂತ ಬರೆದು ಮುಚ್ಚಿದ್ದೀರಿ. ಸರಿಯಾಗಿದ್ದ ಫೈಲನ್ನು ಕೆಡಿಸಿ ಹಾಗೆ ಬರೆದದ್ದು ನನಗೆ ಜಾಸ್ತಿ ನೋವಾಯಿತು.

ನನ್ನ ಬೇಡಿಕೆ ಇಷ್ಟೇ. ಮೊದಲು ಕಳಿಸಿದ ಪಿಡಿಎಫ್‌ನಿಂದಲೇ, ಯಾವ ಸಾಫ್ಟ್‌ವೇರ್‌ನಲ್ಲೂ ತೆರೆದು ತಿದ್ದದೆ, 48 ಪುಟವನ್ನೂ ಮ್ಯಾಪ್‌ಲಿಥೋ ಮೇಲೆ ಹಾಕಿ 200 ಪ್ರತಿ ಕೊಡಿ. ಮೊದಲು ಒಂದೇ ಪ್ರತಿ ತೆಗೆದು ಬೀದರ್‌ಗೆ ಕಳಿಸಿ. ಅದರ ಮೇಲೆ ಪೆನ್ನಿನಲ್ಲಿ ಬರೆದು ನೋಡಿಯೇ ಒಪ್ಪಿಗೆ ಕೊಡುತ್ತೇನೆ. ಇದು ಆಗದಿದ್ದರೆ 17,000 ರೂಪಾಯಿ ವಾಪಸ್ ಕೊಡಿ, ನಾನು ಬೇರೆ ಕಡೆ ಹಾಕಿಸಿಕೊಳ್ಳುತ್ತೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಯವರೆಗೆ ಹೋಗುವ ಮನಸ್ಸು ನನಗಿಲ್ಲ.

ಬಂದ ಡಬ್ಬಗಳನ್ನು ಮತ್ತೆ ಕಟ್ಟಿ ಇಟ್ಟಿದ್ದೇನೆ. ಹುಡುಗ ಬರೆದ ಒಂದು ಪ್ರತಿ ಬಿಟ್ಟು 199 ಇವೆ. ಕೊರಿಯರ್‌ನವರು ಯಾವ ದಿನ ಬಂದರೂ ಕೊಡುತ್ತೇನೆ. ಆ ಒಂದನ್ನು ಅವನು ವಾಪಸ್ ಕೊಡಲು ಒಪ್ಪಲಿಲ್ಲ.

ಇತಿ,
ಆಟ ಬರೆದವಳು,
ಬೀದರ್